ನೀಲಿ ಬೆಳಕಿಗೆ ಕಂಡ ಕೈ

ಬಳ್ಳಾರಿಯ ನಮ್ಮ ಸ್ಕ್ಯಾನಿಂಗ್ ಸೆಂಟರ್‌ನಲ್ಲಿ ಎಕ್ಸ್‌ರೇ ಕಂಪ್ಯೂಟರ್ ಪರದೆಗೆ ಬಂದ ಮೇಲೆ ಡಾರ್ಕ್ ರೂಮಿಗೆ ಬೀಗ ಬಿತ್ತು. ಒಳಗೆ ಐದು ಪೆಟ್ಟಿಗೆ ಫಿಲ್ಮು ಒಡೆಯದೆ ಉಳಿದಿತ್ತು. ಅದರ ಅವಧಿ ಮುಗಿದು ಎಷ್ಟೋ ಕಾಲವಾಗಿತ್ತು. ಹಳೆಯ ಫಿಲ್ಮಿನಿಂದ ಬೆಳ್ಳಿ ತೆಗೆಯುವವರಿಗೆ ಅದನ್ನು ಕೊಟ್ಟು ಕೋಣೆ ಖಾಲಿ ಮಾಡಬೇಕೆಂದು ಸೆಂಟರ್‌ನ ಯಜಮಾನರು ಹೇಳಿದಾಗ, ಅಲ್ಲಿ ಎಕ್ಸ್‌ರೇ ತೆಗೆಯುವ ಕೆಲಸದ ನಾನು, ನನಗೆ ಕೊಡಿ ಎಂದು ಕೇಳಿದೆ.

"ಏನ್ ಮಾಡ್ತೀರಮ್ಮ ಅದನ್ನ?"

"ಫೋಟೋ ತೆಗೀತೀನ್ರಿ."

ಅವರು ನಕ್ಕು ಕೋಣೆಯ ಕೀಲಿಯನ್ನೂ ನನ್ನ ಕೈಗೇ ಕೊಟ್ಟರು.

ನಾನು ಹೇಳಿದ್ದು ತಮಾಷೆಗಲ್ಲ. ಅದಕ್ಕೆ ಸ್ವಲ್ಪ ಮೊದಲು ಊರಿನ ಕಾಲೇಜೊಂದರಲ್ಲಿ ಚಿತ್ರಕಲೆ ಕಲಿಸುವ ಮೇಷ್ಟ್ರೊಬ್ಬರು ಸೂಜಿರಂಧ್ರದ ಕ್ಯಾಮೆರಾ ಮಾಡುವುದನ್ನು ಒಂದು ಭಾನುವಾರ ಆಸಕ್ತರಿಗೆ ತೋರಿಸಿಕೊಟ್ಟಿದ್ದರು. ಲೆನ್ಸ್ ಬೇಡ, ಬಟನ್ ಬೇಡ. ಬೆಳಕು ಹೋಗದ ಒಂದು ಡಬ್ಬಿ, ಅದರ ಒಂದು ಬದಿಗೆ ಸೂಜಿಯಿಂದ ಚುಚ್ಚಿದ ಸಣ್ಣ ತೂತು, ಎದುರು ಬದಿಗೆ ಫಿಲ್ಮು, ಇಷ್ಟೇ. ಮೇಷ್ಟ್ರ ಹತ್ತಿರ ಇದ್ದ ಫೋಟೋ ಕಾಗದ ಮಧ್ಯಾಹ್ನಕ್ಕೇ ಮುಗಿದುಹೋಯಿತು. ಇನ್ನು ಸಿಗುವುದು ಕಷ್ಟ ಎಂದು ಅವರು ಪೇಚಾಡುತ್ತಿದ್ದಾಗ ನನಗೆ ನೆನಪಾದದ್ದು ಬೀಗ ಹಾಕಿದ ಆ ಕೋಣೆ.

ಮೊದಲ ತಿಂಗಳು ಎಲ್ಲವೂ ಕೆಟ್ಟಿತು. ಎಕ್ಸ್‌ರೇ ಫಿಲ್ಮಿಗೆ ಎರಡೂ ಬದಿಗೆ ಲೇಪವಿರುತ್ತದೆ. ತಟ್ಟೆಯಲ್ಲಿ ಹಾಕಿ, ಚಿತ್ರ ಮೂಡಿಸುವ ಡೆವಲಪರ್ ದ್ರಾವಣ ಅಲ್ಲಾಡಿಸಿದರೆ ಕೆಳಗಿನ ಬದಿ ತಳಕ್ಕೆ ಉಜ್ಜಿ ಗೀರುಗೀರಾಗುತ್ತದೆ. ತಟ್ಟೆಯ ತಳಕ್ಕೆ ನುಣ್ಣನೆಯ ಗಾಜು ಇಟ್ಟ ಮೇಲೆ ಗೀರು ಕಡಿಮೆಯಾಯಿತು. ಆಮೇಲೆ ಬಿಸಿಲು. ಏಪ್ರಿಲ್‌ನಲ್ಲಿ ಬಳ್ಳಾರಿಯ ನಲ್ಲಿ ನೀರು ಸ್ನಾನಕ್ಕೆ ಕಾಯಿಸಿದಂತಿರುತ್ತದೆ. ಡೆವಲಪರ್ ಬೆಚ್ಚಗಾಗಿ, ಲೇಪ ಮೆತ್ತಗಾಗಿ, ಹಾಳೆ ಎತ್ತಿದರೆ ಚಿತ್ರವೇ ಬೆರಳಿಗೆ ಅಂಟಿಕೊಂಡು ಬಂತು. ಮನೆಯಿಂದ ಮಣ್ಣಿನ ಗಡಿಗೆ ತಂದು ಅದರ ನೀರಿನಲ್ಲೇ ಕಲಸತೊಡಗಿದೆ. ಮೂರನೆಯ ತೊಂದರೆ ಔಷಧದ ತೀಕ್ಷ್ಣತೆಯದು. ಆಸ್ಪತ್ರೆಯ ಡೆವಲಪರ್ ಮೂಳೆಯನ್ನು ಮಾಂಸದಿಂದ ಬೇರೆ ಮಾಡಿ ತೋರಿಸುವುದಕ್ಕಾಗಿ ಇರುವುದು. ಅದರಲ್ಲಿ ಮುಖದ ಚಿತ್ರ ತೊಳೆದರೆ ಹಣೆ ಸುಣ್ಣ, ಕೆನ್ನೆ ಇದ್ದಿಲು. ಐದು ಪಾಲು, ಎಂಟು ಪಾಲು, ಕೊನೆಗೆ ಹನ್ನೆರಡು ಪಾಲು ನೀರು ಬೆರೆಸಿದ ಮೇಲೆ ನಡುವಿನ ಬೂದು ಬಣ್ಣಗಳು ಒಂದೊಂದಾಗಿ ಬಂದವು.

ಬೇರೆ ಫಿಲ್ಮುಗಳನ್ನೂ ನೋಡಿದೆ. ಜೀನ್ಸ್ ಪ್ಯಾಂಟಿಗೆ ಲೇಬಲ್ ಅಚ್ಚು ಹಾಕುವವರೊಬ್ಬರು ಅಕ್ಷರ ತೆಗೆಯುವ ಫಿಲ್ಮು ಕೊಟ್ಟರು. ಅದಕ್ಕೆ ಕಪ್ಪು ಗೊತ್ತು, ಬಿಳುಪು ಗೊತ್ತು, ಮತ್ತೇನೂ ಗೊತ್ತಿಲ್ಲ. ಹಲ್ಲಿನ ಎಕ್ಸ್‌ರೇಗೆ ಬಳಸುವ ಪುಟ್ಟ ಫಿಲ್ಮನ್ನು ಬೆಂಕಿಪೊಟ್ಟಣದೊಳಗೆ ಹಾಕಿ ಸಿರುಗುಪ್ಪದ ಕಾಲುವೆಯ ಚಿತ್ರ ತೆಗೆದೆ. ನಮ್ಮ ಸೆಂಟರ್‌ನ ಶಾಖೆ ಅಲ್ಲಿರುವುದರಿಂದ ವಾರದಲ್ಲಿ ಎರಡು ದಿನ ನನ್ನ ಡ್ಯೂಟಿ ಅಲ್ಲೇ. ಕಾಲುವೆ ಬಂತು, ಆದರೆ ಹೆಬ್ಬೆರಳ ಉಗುರಿನಷ್ಟು. ಕೊನೆಗೆ ಎದೆಯ ಎಕ್ಸ್‌ರೇಯ ದೊಡ್ಡ ಹಾಳೆಯನ್ನೇ ನಾಲ್ಕಾಗಿ ಕತ್ತರಿಸಿ ಬಳಸುವುದೆಂದು ನಿರ್ಧರಿಸಿದೆ.

ಆ ಫಿಲ್ಮಿನ ಸ್ವಭಾವ ನನಗೆ ತಿಳಿದದ್ದು ಕುರುಗೋಡಿನಲ್ಲಿ. ಅದು ನನ್ನ ತವರು. ಭಾನುವಾರ ಬೆಳಿಗ್ಗೆ ಹೋಗಿ ಬೆಟ್ಟದ ಬಂಡೆಗಳ ಎದುರು ಡಬ್ಬಿ ಇಟ್ಟು, ತೂತಿನ ಮೇಲಿನ ಕಪ್ಪು ಟೇಪ್ ಎತ್ತಿ, ಹನ್ನೆರಡು ಎಣಿಸಿ ಮತ್ತೆ ಮುಚ್ಚುತ್ತಿದ್ದೆ. ಬಂದ ಚಿತ್ರದಲ್ಲಿ ಆಕಾಶ ಬರಿ ಬಿಳಿ, ಬೆಟ್ಟದ ಬುಡದ ಕೆಂಪು ಮಣ್ಣು ಸುಟ್ಟಂತೆ ಕಪ್ಪು. ಈ ಫಿಲ್ಮಿಗೆ ನೀಲಿ ಬೆಳಕು ಮಾತ್ರ ಕಾಣುತ್ತದೆ. ಕೆಂಪು ಕಾಣುವುದಿಲ್ಲ, ಹಾಗಾಗಿಯೇ ಡಾರ್ಕ್ ರೂಮಿನ ಕೆಂಪು ದೀಪದಲ್ಲಿ ಅದನ್ನು ಧೈರ್ಯವಾಗಿ ಬಿಚ್ಚಬಹುದು. ಗೋಡೆಗೆ ಒರಗಿ ನನ್ನದೇ ಒಂದು ಚಿತ್ರ ತೆಗೆದುಕೊಂಡೆ. ಹಣೆಯ ಕುಂಕುಮ ಕಾಡಿಗೆಯಾಗಿತ್ತು. ಎರಡೂ ಕೆನ್ನೆಯ ಮೇಲೆ ಬಂಗು ಹರಡಿಕೊಂಡಿತ್ತು. ಕನ್ನಡಿಯ ಮುಂದೆ ನಿಂತು ಬಹಳ ಹೊತ್ತು ಹುಡುಕಿದೆ. ಬಂಗು ಇತ್ತು, ಇದ್ದೂ ಇಲ್ಲದಷ್ಟು ತೆಳುವಾಗಿ. ಚರ್ಮದ ಬಣ್ಣದಲ್ಲಿ ಕಣ್ಣಿಗೆ ಸಿಕ್ಕದ ವ್ಯತ್ಯಾಸ ನೀಲಿ ಬೆಳಕಿಗೆ ಸಿಕ್ಕಿತ್ತು.

ರಟ್ಟಿನ ಡಬ್ಬಿಗಳು ಬಿಸಿಲಿಗೆ ಸೊಟ್ಟಗಾಗಿ ಮೂಲೆಗಳಲ್ಲಿ ಬೆಳಕು ಬಿಡುತ್ತಿದ್ದವು. ತಗಡಿನದು ಬೇಕಾಯಿತು. ಕೌಲ್ ಬಜಾರ್‌ನ ಒಂದು ಸಂದಿಯಲ್ಲಿ ಹಿಟ್ಟಿನ ಡಬ್ಬಿ, ರೊಟ್ಟಿ ಡಬ್ಬಿ, ಜರಡಿ, ಎಣ್ಣೆಯ ಲಾಳಿಕೆ ಮಾಡುವವರೊಬ್ಬರು ಇದ್ದಾರೆಂದು ತಿಳಿದು ಹೋದೆ. ಐವತ್ತರ ಸುಮಾರಿನವರು, ಬೀದಿಯವರೆಲ್ಲ ಭಾಯ್ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಮುಂದೆ ಅಂಗಡಿ, ಹಿಂದೆ ಮನೆ. ನನಗೆ ಬೇಕಾದದ್ದನ್ನು ಕಾಗದದ ಮೇಲೆ ಬರೆದು ತೋರಿಸಿದೆ. ಅವರು ಅದನ್ನು ಎರಡು ಸಲ ತಿರುಗಿಸಿ ನೋಡಿದರು.

"ನೀರು ಸೋರಬಾರದು ಅಂತ ಬರ್ತಾರ, ಎಣ್ಣಿ ಸೋರಬಾರದು ಅಂತ ಬರ್ತಾರ. ಬೆಳಕು ಸೋರಬಾರದು ಅಂತ ಬಂದೋರು ನೀವೊಬ್ರೇ ನೋಡ್ರಿ ಮೇಡಂ."

ನಾಲ್ಕು ದಿನ ಬಿಟ್ಟು ಹೋದಾಗ ಡಬ್ಬಿ ಸಿದ್ಧವಾಗಿತ್ತು. ಒಳಗೆ ಕಪ್ಪು ಬಣ್ಣ, ಫಿಲ್ಮು ಕೂರಿಸಲು ಸರಿಯುವ ಚೌಕಟ್ಟು. ಸೋರುತ್ತದೋ ಇಲ್ಲವೋ ಎಂದು ಅವರೇ ಪರೀಕ್ಷೆ ಮಾಡಿ ತೋರಿಸಿದರು. ಮೊಬೈಲ್ ಟಾರ್ಚ್ ಹಚ್ಚಿ ಡಬ್ಬಿಯೊಳಗಿಟ್ಟು ಮುಚ್ಚಿ, ತಲೆಯ ಮೇಲೆ ಗೋಣಿಚೀಲ ಎಳೆದುಕೊಂಡು, ಡಬ್ಬಿಯನ್ನು ಕಣ್ಣಿಗೆ ಹಿಡಿದು ಒಂದೊಂದೇ ಅಂಚು ತಿರುಗಿಸುತ್ತ ಕೂತರು. ಒಂದು ಮೂಲೆಯಲ್ಲಿ ಕೂದಲೆಳೆಯಷ್ಟು ಬೆಳಕು ಕಂಡಿತಂತೆ. ಹೊರಗೆ ಬಂದು ಅಲ್ಲಿಗೆ ಇನ್ನೊಂದು ತೊಟ್ಟು ಸೀಸ ಬಿಟ್ಟರು.

ಈ ಡಬ್ಬಿಯ ಮೊದಲ ಚಿತ್ರ ನಿಮ್ಮದೇ ಆಗಲಿ ಎಂದೆ.

"ನಂದ್ಯಾಕ್ರಿ? ಆಧಾರ್ ಕಾರ್ಡಿನ್ಯಾಗ ಒಂದು ಐತಲ್ಲ, ಅದನ್ನ ನೋಡಿದ್ರ ಪೊಲೀಸರು ಹಿಡ್ಕೊಂಡು ಹೋಗಂಗ ಐತಿ" ಎಂದರು. ಒಳಗಿನಿಂದ ಅವರ ಹೆಂಡತಿ ನಕ್ಕದ್ದು ಕೇಳಿಸಿತು. "ತೆಗಿಸ್ಕೊಳ್ರಿ, ಮನ್ಯಾಗೊಂದು ಇರ್ಲಿ" ಎಂದು ಅವರೇ ಒತ್ತಾಯ ಮಾಡಿದರು.

ಅಂಗಡಿಯ ಹೊಸ್ತಿಲ ಹತ್ತಿರ, ನೆರಳಿದ್ದರೂ ಬೀದಿಯ ಬೆಳಕು ಬೀಳುವಲ್ಲಿ ಕೂರಿಸಿದೆ. ಕೆಲಸದ ಅಂಗಿ, ಮೊಳಕೈ ಮೇಲೆ ಮಡಿಸಿದ ತೋಳು, ತೊಡೆಯ ಮೇಲೆ ತಗಡು ಕತ್ತರಿಸುವ ಕತ್ತರಿ, ಅದರ ಮೇಲೆ ಎರಡೂ ಕೈ. ಎರಡು ನಿಮಿಷ ಅಲ್ಲಾಡಬಾರದು ಎಂದೆ. ಅವರು ಅಲ್ಲಾಡಲಿಲ್ಲ. ನನ್ನ ಕೆಲಸದಲ್ಲಿ ಉಸಿರು ಹಿಡಿಯಿರಿ ಎಂದರೆ ಅರ್ಧ ಜನ ಕೆಮ್ಮುತ್ತಾರೆ. ಇವರು ಬೀದಿಯಲ್ಲಿ ಹೋಗುವವರು ನಿಂತು ನೋಡಿದರೂ ರೆಪ್ಪೆ ಕೂಡ ನಿಧಾನಕ್ಕೆ ಬಡಿದರು.

ಅಂದು ಸಂಜೆ ಹಾಳೆಯನ್ನು, ಮೂಡಿದ ಚಿತ್ರವನ್ನು ನಿಲ್ಲಿಸುವ ಫಿಕ್ಸರ್‌ನಿಂದ ಎತ್ತಿ, ತೊಳೆದು, ಲೈಟ್‌ಬಾಕ್ಸ್ ಮೇಲಿಟ್ಟು ಮೊಬೈಲ್‌ನಲ್ಲಿ ಕಪ್ಪು-ಬಿಳುಪು ತಿರುಗಿಸಿ ನೋಡಿದಾಗ ನನಗೆ ಕೂರಲಾಗಲಿಲ್ಲ. ಅಷ್ಟು ತಿಂಗಳ ಹಾಳು ಹಾಳೆಗಳೆಲ್ಲ ಇದೊಂದಕ್ಕಾಗಿಯೇ ಆಗಿದ್ದವು ಎನಿಸಿತು. ಹಣೆಯ ಒಂದೊಂದು ಗೆರೆ, ಗಡ್ಡದ ಒಂದೊಂದು ಎಳೆ, ಹಿಂದಿನ ಗೋಡೆಗೆ ನೇತುಹಾಕಿದ ಜರಡಿಗಳ ಸಾಲು. ಕಣ್ಣುಗಳು ನೇರವಾಗಿ ನನ್ನನ್ನೇ ನೋಡುತ್ತಿದ್ದವು.

ಮೇಷ್ಟ್ರು ಕಾಲೇಜಿನಲ್ಲಿ ಇಂಥ ಚಿತ್ರಗಳ ಪ್ರದರ್ಶನವೊಂದನ್ನು ಇಡುವವರಿದ್ದರು. ನೋಡಿದವರೇ, "ಇದನ್ನ ಬಾಗಲ ಎದುರಿಗೇ ಹಾಕೋಣ. ಬಂದವ್ರು ಮೊದ್ಲು ಇವರನ್ನೇ ನೋಡ್ಬೇಕು" ಎಂದರು. ಆಮೇಲೆ ಕನ್ನಡಕ ಸರಿಮಾಡಿಕೊಂಡು, "ಎಡಗೈ ಮ್ಯಾಲೆ ಡೆವಲಪರ್ ಸಿಡಿದದ ನೋಡ್ರಿ. ಇದೊಂದನ್ನ ಸರಿ ಮಾಡ್ಬೇಕು" ಎಂದರು.

ನಾನೂ ಅದನ್ನು ನೋಡಿದ್ದೆ. ಎಡ ಮುಂಗೈಯ ಹೊರಬದಿಗೆ, ಮೊಳಕೈಯಿಂದ ನಾಲ್ಕು ಬೆರಳು ಕೆಳಗೆ, ಅಂಗೈಯಷ್ಟು ಅಗಲದ ಬಿಳಿಚಿದ ಜಾಗ. ಅಂಚು ಸ್ವಲ್ಪ ಸ್ಪಷ್ಟವಾಗಿಯೇ ಇತ್ತು. ಹಾಳೆ ಪೂರ್ತಿ ಮುಳುಗುವ ಮೊದಲು ಒಂದು ಹನಿ ಡೆವಲಪರ್ ಬಿದ್ದರೆ ಹೀಗೇ ಆಗುತ್ತದೆ. ಹಾಗೆಂದುಕೊಂಡು ಮತ್ತೊಂದು ಹಾಳೆ ತೆಗೆಯಲು ಹೋದೆ.

ಈ ಸಲ ಕ್ಯಾಮೆರಾವನ್ನು ಹೊಸ್ತಿಲ ಇನ್ನೊಂದು ಬದಿಗೆ ಸರಿಸಿಟ್ಟೆ. ಮುಂಗೈ ಹಾಳೆಯ ಬೇರೆ ಮೂಲೆಗೆ ಬಿತ್ತು. ತೊಳೆಯುವಾಗ ಗಾಜು ಬದಲಿಸಿದೆ, ತಟ್ಟೆ ಬದಲಿಸಿದೆ, ಹಾಳೆಯನ್ನು ಒಂದೇ ಸಲಕ್ಕೆ ಮುಳುಗಿಸಿದೆ. ಲೈಟ್‌ಬಾಕ್ಸ್ ಮೇಲೆ ಇಟ್ಟೆ. ಬಿಳಿಚಿದ ಜಾಗ ಮುಂಗೈಯ ಮೇಲೆಯೇ ಇತ್ತು, ಮೊಳಕೈಯಿಂದ ನಾಲ್ಕು ಬೆರಳು ಕೆಳಗೆ.

ನಮ್ಮ ಕೆಲಸದಲ್ಲಿ ಇದು ಮೊದಲ ಪಾಠ. ಎಕ್ಸ್‌ರೇಯಲ್ಲಿ ಒಂದು ಚುಕ್ಕೆ ಕಂಡರೆ ರೋಗಿಯನ್ನು ಸ್ವಲ್ಪ ತಿರುಗಿಸಿ ಇನ್ನೊಂದು ತೆಗೆಯಬೇಕು. ಚುಕ್ಕೆ ಹಾಳೆಯ ಅದೇ ಜಾಗದಲ್ಲಿ ಉಳಿದರೆ ಅದು ಫಿಲ್ಮು ಇಡುವ ಕ್ಯಾಸೆಟ್ಟಿನ ಕಸ. ರೋಗಿಯ ಜೊತೆ ಸರಿದರೆ ಅದು ರೋಗಿಯದು. ಆ ಸಂಜೆ ಕೆಂಪು ದೀಪ ಆರಿಸದೆ ಹಾಗೇ ಕುಳಿತೆ. ನನಗೆ ಗೊತ್ತಿದ್ದ ಕಾಯಿಲೆಗಳ ಪೈಕಿ ಮಸುಕಾದ ಮಚ್ಚೆಯಿಂದ ಶುರುವಾಗುವವು ನಾಲ್ಕಾರು. ಬಹುಪಾಲು ಏನೂ ಅಲ್ಲದವು. ಒಂದು ಮಾತ್ರ ನೆನಪಾದ ಕೂಡಲೇ ಅದರ ಹೆಸರನ್ನು ಮನಸ್ಸಿನಲ್ಲೂ ಪೂರ್ತಿ ಹೇಳಿಕೊಳ್ಳಲಿಲ್ಲ.

ಮೂರನೆಯ ಸಲ ಹೋದಾಗ ಒಂದು ಸುಳ್ಳು ಹೇಳಿದೆ. ಕೈಗಳದ್ದೇ ಒಂದು ಚಿತ್ರ ಬೇಕು ಎಂದೆ. ಅವರು ಕೆಲಸ ನಿಲ್ಲಿಸದೆ, "ಇದೊಂದು ಬೆಸುಗಿ ಮುಗಿಸ್ತೀನಿ, ಕುಂದರ್ರಿ" ಎಂದರು. ಹತ್ತಿರದಿಂದ ಆ ಮುಂಗೈ ನೋಡಿದೆ. ಮಸಿ, ಆ್ಯಸಿಡ್ ಸಿಡಿದ ಕಲೆ, ಬೆವರು. ಇಡೀ ತೋಳು ಬೆವರಿ ಹೊಳೆಯುತ್ತಿದ್ದರೆ ಆ ಜಾಗವೊಂದು ಒಣಗಿತ್ತು. ಅಷ್ಟು ಬಿಟ್ಟರೆ ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ.

ಅವರು ಎಡಗೈಯಲ್ಲಿ ಡಬ್ಬಿಯ ಅಂಚು ಹಿಡಿದು, ಬಲಗೈಯಲ್ಲಿ ಕಾದ ಬೆಸುಗೆ ಕಬ್ಬಿಣ ಎಳೆಯುತ್ತಿದ್ದರು. ಕಬ್ಬಿಣ ಅಂಚಿನ ಕೊನೆಗೆ ಬಂದು ಎಡಗೈಯ ಕಿರುಬೆರಳಿಗೆ ತಾಗಿತು. ತಾಗಿ ಅಲ್ಲೇ ನಿಂತಿತು. ಸುಟ್ಟ ವಾಸನೆ ನನ್ನ ಮೂಗಿಗೆ ಬಂತು. ಅವರು ಸೀಸ ಹರಿಯುವುದನ್ನೇ ನೋಡುತ್ತಿದ್ದರು.

"ಭಾಯ್, ಬೆರಳು!"

ಅವರು ಕೈ ನೋಡಿಕೊಂಡು ಕಬ್ಬಿಣ ಎತ್ತಿದರು. "ಹೌದಲ್ಲ" ಎಂದರು. ಕೈ ಕೊಡವಲಿಲ್ಲ, ಬೆರಳು ಬಾಯಿಗೆ ಹಾಕಿಕೊಳ್ಳಲಿಲ್ಲ. "ಈ ಕೆಲಸದಾಗ ಚರ್ಮ ದಪ್ಪ ಆಗಿಬಿಡ್ತೈತ್ರಿ ಮೇಡಂ. ಮೂವತ್ತು ವರ್ಷ ಆತಲ್ಲ." ಆ ಬೆರಳಿನ ಮೇಲೆ ಇಂಥವೇ ಹಳೆಯ ಗಾಯ ಮೂರು ನಾಲ್ಕಿದ್ದವು. ಬಲಗೈಯಲ್ಲಿ ಒಂದೂ ಇರಲಿಲ್ಲ. ಚಿತ್ರ ತೆಗೆದೆ ಎಂದು ತೋರಿಸಲು ಟೇಪ್ ಎತ್ತಿ ಮುಚ್ಚಿದೆ. ಎಷ್ಟು ಎಣಿಸಿದೆನೋ ತಿಳಿಯದು.

ಇಷ್ಟು ವರ್ಷಗಳಲ್ಲಿ ನಾನು ಯಾವ ರೋಗಿಗೂ ಅವರ ಫಿಲ್ಮಿನಲ್ಲಿ ಕಂಡದ್ದನ್ನು ಹೇಳಿಲ್ಲ. ಎಲ್ಲರೂ ಕೇಳುತ್ತಾರೆ. ಮೇಜಿನಿಂದ ಇಳಿಯುವಾಗಲೇ, "ಏನ್ ಕಾಣಸ್ತೈತ್ರಿ ಮೇಡಂ?" ಎನ್ನುತ್ತಾರೆ. ಡಾಕ್ಟರು ಹೇಳ್ತಾರೆ ಎಂಬುದೊಂದೇ ನನ್ನ ಉತ್ತರ. ಅದು ನಿಯಮ ಮಾತ್ರ ಅಲ್ಲ, ನನಗೆ ಆಸರೆಯೂ ಆಗಿತ್ತು. ಈಗ ಹೇಳಬೇಕಾದ ಡಾಕ್ಟರು ಯಾರೂ ಇರಲಿಲ್ಲ. ಈ ಮನುಷ್ಯ ರೋಗಿಯಾಗಿ ಬಂದವರಲ್ಲ, ನನಗೆ ಡಬ್ಬಿ ಮಾಡಿಕೊಟ್ಟವರು.

ನಮ್ಮ ಕಟ್ಟಡಕ್ಕೆ ಬರುವ ಚರ್ಮದ ಡಾಕ್ಟರೊಬ್ಬರಿಗೆ ಎರಡೂ ಚಿತ್ರ ತೋರಿಸಿದೆ. ಬೆರಳಿನ ವಿಷಯ ಹೇಳಿದೆ. ಅವರು ಚಿತ್ರವನ್ನು ಬಹಳ ಹೊತ್ತು ನೋಡಲಿಲ್ಲ, ನನ್ನನ್ನು ನೋಡಿದರು.

"ಇವರಿಗೆ ಗೊತ್ತೇನು, ನೀವು ನನಗ ತೋರಿಸ್ಲಿಕ್ಕೆ ಬಂದದ್ದು?"

"ಇಲ್ಲ ಡಾಕ್ಟ್ರೇ."

"ಫೋಟೋ ನೋಡಿ ನಾನು ಏನೂ ಹೇಳೂದಿಲ್ಲ. ಚರ್ಮ ನೋಡ್ಬೇಕು, ಹತ್ತಿ ಮುಟ್ಟಿಸ್ಬೇಕು, ನರ ಒತ್ತಿ ನೋಡ್ಬೇಕು. ಅವರನ್ನ ಕರ್ಕೊಂಡು ಬರ್ರಿ. ನೀವು ಅಂದ್ಕೊಂಡದ್ದೇ ಆಗಿದ್ರೂ ಅದಕ್ಕ ಗುಳಿಗೆ ಅದ, ಪೂರ್ತಿ ವಾಸಿ ಆಗ್ತದ. ಆದ್ರ ನರ ಸತ್ತ ಮ್ಯಾಲೆ ಗುಳಿಗೆ ಅದನ್ನ ಎಬ್ಬಿಸೂದಿಲ್ಲ. ತಡ ಮಾಡಬ್ಯಾಡ್ರಿ." ಚಿತ್ರಗಳನ್ನು ಮಗುಚಿ ನನ್ನ ಕಡೆ ಸರಿಸಿದರು. "ಮತ್ತ ಇದನ್ನ ಇನ್ನ್ಯಾರಿಗೂ ತೋರಿಸಬ್ಯಾಡ್ರಿ."

ಮೇಷ್ಟ್ರಿಗೆ ಆಗಲೇ ತೋರಿಸಿದ್ದೆ. ದೊಡ್ಡದಾಗಿ ಒಂದು ಪ್ರಿಂಟ್ ಕೂಡ ಹಾಕಿಸಿಯಾಗಿತ್ತು.

ಆದರೂ ತಡ ಮಾಡಿದೆ. ಮೊದಲ ಅನುಮಾನದಿಂದ ಲೆಕ್ಕ ಹಾಕಿದರೆ ಹದಿನೈದು ದಿನ. ಪ್ರತಿ ದಿನಕ್ಕೂ ಒಂದು ಕಾರಣವಿತ್ತು. ಇಂದು ಸಿರುಗುಪ್ಪದ ಡ್ಯೂಟಿ, ಇಂದು ಶುಕ್ರವಾರ, ಅವರು ಮಸೀದಿಗೆ ಹೋಗಿರುತ್ತಾರೆ. ನಾನು ತಪ್ಪಿರಬಹುದು ಎಂಬುದು ಎಲ್ಲ ದಿನಕ್ಕೂ ಸಲ್ಲುವ ಕಾರಣ. ಕೊನೆಗೊಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ, ಎರಡೂ ಪ್ರಿಂಟ್ ಒಂದು ಲಕೋಟೆಯಲ್ಲಿ ಹಾಕಿಕೊಂಡು ಹೋದೆ.

ಅಂಗಡಿಯಲ್ಲಿ ಗಿರಾಕಿ ಇದ್ದರು. ಒಳಗೆ ಮಾತಾಡಬೇಕು ಎಂದೆ. ಅವರ ಹೆಂಡತಿ ಹೊಲಿಗೆ ಯಂತ್ರದ ಮುಂದೆ ಜೀನ್ಸಿನ ಬೆಲ್ಟ್ ಪಟ್ಟಿಗಳ ರಾಶಿ ಹಾಕಿಕೊಂಡು ಕೂತಿದ್ದರು. ಎದ್ದು ಚಾಪೆ ಹಾಸಿ, ಚಹಾಕ್ಕೆ ಇಡಲು ಹೊರಟರು. ಬೇಡ, ನೀವೂ ಕೂತುಕೊಳ್ಳಿ ಎಂದೆ. ನಾನು ಹೇಳಬೇಕೆಂದು ಜೋಡಿಸಿಕೊಂಡಿದ್ದ ಮಾತುಗಳೆಲ್ಲ ಮರೆತವು. ಚಿತ್ರ ಮುಂದಿಟ್ಟು, ಮಚ್ಚೆ ತೋರಿಸಿ, ಬೆರಳಿನ ಗಾಯ ತೋರಿಸಿ, ಡಾಕ್ಟರು ಹತ್ತಿ ಮುಟ್ಟಿಸಿ ನೋಡುತ್ತಾರೆ, ಐದು ನಿಮಿಷದ ಕೆಲಸ ಎಂದೆ. ಕಾಯಿಲೆಯ ಹೆಸರು ಹೇಳಲಿಲ್ಲ. ಭಾಯ್ ತಾವೇ ಹೇಳಿದರು.

"ಕುಷ್ಠ ಅಂತೀರೇನು?"

"ಗೊತ್ತಿಲ್ಲ ಭಾಯ್. ನಾನು ತಪ್ಪಿರಬಹುದು."

"ತಪ್ಪಿದ್ರ ಯಾಕ ಹೇಳಾಕ ಬಂದ್ರಿ?" ಅವರ ದನಿ ಏರಲಿಲ್ಲ. "ಖರೆ ಇದ್ರ ಯಾಕ ಇಷ್ಟು ದಿನ ಸುಮ್ಕಿದ್ರಿ? ಯಾವಾಗ ಗೊತ್ತಾತು ನಿಮಗ?"

"ಹದಿನೈದು ದಿನ ಆತು."

ಹೆಂಡತಿ ಚಿತ್ರವನ್ನು ಕೈಗೆತ್ತಿಕೊಂಡಿದ್ದರು. "ಡಾಕ್ಟರಿಗೆ ಯಾವಾಗ ತೋರ್ಸಿದ್ರಿ?"

"ಎಂಟು ದಿನದ ಹಿಂದ."

"ಅಂದ್ರ ಮೊದಲ ಅವರ ಹತ್ರ ಹೋದ್ರಿ. ಆಮ್ಯಾಲ ನಮ್ಮ ಹತ್ರ ಬಂದ್ರಿ" ಎಂದು ಚಿತ್ರವನ್ನು ಚಾಪೆಯ ಮೇಲೆ ಬೋರಲಾಗಿ ಇಟ್ಟರು.

ಭಾಯ್ ಬಾಗಿಲ ಕಡೆ ನೋಡಿದರು. ಹೊರಗೆ ಗಿರಾಕಿ ರೊಟ್ಟಿ ಡಬ್ಬಿಯೊಂದನ್ನು ತಟ್ಟಿ ನೋಡುತ್ತಿದ್ದ ಸದ್ದು. "ಮಂದಿ ನಾ ಮಾಡಿದ್ದರಾಗ ಹಿಟ್ಟು ಇಡ್ತಾರ್ರಿ ಮೇಡಂ. ಬುತ್ತಿ ಕಟ್ಕೊಂಡು ಹೋಗ್ತಾರ. ಈ ಮಾತು ಬೀದ್ಯಾಗ ಬಿದ್ರ ನಾಳಿಂದ ನನ್ನ ಕೈ ಮುಟ್ಟಿದ್ದನ್ನ ಯಾರ್ ಒಯ್ತಾರ? ಮಚ್ಚಿ ಇರ್ಲಿ, ಬಿಡ್ಲಿ. ಮಾತು ಬಿದ್ರ ಸಾಕು." ಎದ್ದು ನಿಂತರು. "ನೀವು ಹೋಗ್ರಿ."

ಹೋದೆ. ಡಾಕ್ಟರ ಹೆಸರು ಬರೆದಿದ್ದ ಚೀಟಿಯನ್ನು ಲಕೋಟೆಯಲ್ಲೇ ಬಿಟ್ಟಿದ್ದೆ.

ಪ್ರದರ್ಶನಕ್ಕೆ ಒಂದು ವಾರವಿತ್ತು. ಆ ಚಿತ್ರ ಹಾಕುವುದಿಲ್ಲ ಎಂದು ಮೇಷ್ಟ್ರಿಗೆ ಹೇಳಿದೆ. ಕಾರಣ ಕೇಳಿದರು. ಹೇಳಲಾರೆ ಎಂದೆ. ಅವರಿಗೆ ನಿಜವಾಗಿ ಬೇಸರವಾಯಿತು. "ನಿಮ್ಮ ಒಂದು ವರ್ಷದ ಕೆಲಸದಾಗ ನಿಂತದ್ದು ಅದೊಂದೇ. ಉಳಿದದ್ದೆಲ್ಲ ಬಂಡೆ, ಕಾಲುವೆ. ಯಾರು ಬೇಕಾದ್ರೂ ತೆಗೀತಾರ" ಎಂದರು. ಕೈಯನ್ನು ಕತ್ತರಿಸಿ ಮುಖವೊಂದನ್ನೇ ಹಾಕೋಣ ಎಂದೂ ಹೇಳಿದರು. ಒಂದು ಗಳಿಗೆ ಆಸೆಯಾಯಿತು. ಆದರೆ ಆ ಮುಖವನ್ನು ನೋಡಲು ಬಂದವರು ಇವರು ಯಾರು, ಎಲ್ಲಿಯವರು ಎಂದು ಕೇಳಿಯೇ ಕೇಳುತ್ತಾರೆ. ನಾಲ್ಕು ಜನ ಅಂಗಡಿ ಹುಡುಕಿಕೊಂಡು ಹೋದರೂ ಹೋದಾರು. ಬೇಡ ಎಂದೆ. ನನ್ನ ಬಂಡೆಗಳು, ಕಾಲುವೆ ಒಂದು ಪಕ್ಕದ ಗೋಡೆಗೆ ಹೋದವು. ಮೇಷ್ಟ್ರು ಆಮೇಲೆ ನನ್ನ ಜೊತೆ ಮೊದಲಿನಂತೆ ಮಾತಾಡಲಿಲ್ಲ.

ಕೌಲ್ ಬಜಾರ್ ಕಡೆ ನಾನು ಹೋಗಲಿಲ್ಲ. ಚರ್ಮದ ಡಾಕ್ಟರನ್ನು ಎರಡು ಸಲ ಕೇಳಿದೆ. ಅಂಥವರು ಯಾರೂ ಬಂದಿಲ್ಲ ಎಂದರು. ಡಾರ್ಕ್ ರೂಮಿಗೂ ಹೋಗಲು ಮನಸ್ಸಾಗಲಿಲ್ಲ. ಎರಡು ಪೆಟ್ಟಿಗೆ ಫಿಲ್ಮು ಇನ್ನೂ ಉಳಿದಿತ್ತು.

ಹೀಗೆ ಒಂದೂವರೆ ತಿಂಗಳು. ಒಂದು ಮಂಗಳವಾರ ಸಿರುಗುಪ್ಪದ ಡ್ಯೂಟಿ ಮುಗಿಸಿ ಮಧ್ಯಾಹ್ನ ಮೂರರ ಸುಮಾರಿಗೆ ಬಸ್ ನಿಲ್ದಾಣಕ್ಕೆ ಬಂದಾಗ ಕಲ್ಲುಬೆಂಚಿನ ಮೇಲೆ ಅವರಿಬ್ಬರೂ ಕೂತಿದ್ದರು. ಹೆಂಡತಿಯ ಕೈಚೀಲದಿಂದ ಸರ್ಕಾರಿ ಆಸ್ಪತ್ರೆಯ ಚೀಟಿಯ ತುದಿ ಹೊರಗೆ ಇಣುಕುತ್ತಿತ್ತು. ಭಾಯ್ ನನ್ನನ್ನು ನೋಡಿದರು. ನಾನು ತಟ್ಟನೆ ಬಸ್ಸಿನ ಬೋರ್ಡ್ ಓದುವವಳಂತೆ ತಿರುಗಿದೆ. ಒಂದು ಸಲ ಅವರ ಅಪ್ಪಣೆಯಿಲ್ಲದೆ ಅವರನ್ನು ನೋಡಿದ್ದು ಸಾಕಾಗಿತ್ತು. ಬೇಕಿದ್ದರೆ ಅವರೇ ಗುರುತು ಹಿಡಿಯಲಿ ಎಂದುಕೊಂಡೆ.

ಬಳ್ಳಾರಿ ಬಸ್ಸಿನಲ್ಲಿ ನಾನು ಮುಂದೆ ಕೂತೆ. ಊರು ದಾಟಿ ಎರಡೂ ಬದಿಗೆ ಭತ್ತದ ಗದ್ದೆ ಶುರುವಾಗುವ ಹೊತ್ತಿಗೆ ಹೆಂಡತಿ ಎದ್ದು ಬಂದು ನನ್ನ ಪಕ್ಕ ಕೂತರು.

"ಇಲ್ಲೇ ಹತ್ರ ಸಿರಿಗೇರ್ಯಾಗ ನಮ್ಮ ನಾದಿನಿ ಅದಾಳ್ರಿ. ಅವಳನ್ನ ನೋಡಾಕ ಹೊಂಟೀವಿ ಅಂತ ಬೀದ್ಯಾಗ ಹೇಳಿ ಬರ್ತೀವಿ" ಎಂದರು. ತಾವೇ ಮುಂದುವರಿಸಿದರು. "ಬಳ್ಳಾರ್ಯಾಗ ಎಲ್ಲಿ ಹೋದ್ರೂ ಒಬ್ಬರಾದ್ರೂ ಗುರುತಿನೋರು ಸಿಗ್ತಾರ. ಅದಕ್ಕ ಇಲ್ಲಿ ಬಂದ್ವಿ. ಮೊದ್ಲ ಸಲ ಬಂದಾಗ ಇವರನ್ನ ಕಣ್ಣು ಮುಚ್ಚಿಸಿ ಕುಂದರ್ಸಿದ್ರು. ಹತ್ತಿ ಎಲ್ಲಿ ಮುಟ್ಟತೈತೋ ಅಲ್ಲಿ ಬೊಟ್ಟು ಮಾಡಿ ತೋರಿಸು ಅಂದ್ರು. ಡಾಕ್ಟ್ರು ಆ ಮಚ್ಚಿ ಮ್ಯಾಲೆಲ್ಲ ಮುಟ್ಟಿ ಮುಗಿಸಿದ್ರು. ಇವರು ಕಣ್ಣು ಮುಚ್ಕೊಂಡೇ, ಯಾವಾಗ ಶುರು ಮಾಡ್ತೀರಿ ಅಂತ ಕೇಳಿದ್ರು." ಸೆರಗಿನಿಂದ ಬಾಯಿ ಒರೆಸಿಕೊಂಡರು. "ಅವತ್ತು ನಾ ನಂಬಿದೆ. ಅಲ್ಲೀತನಕ ನಿಮ್ಮನ್ನ ಬೈಕೋತ ಇದ್ದೆ."

ಆರು ತಿಂಗಳ ಗುಳಿಗೆ. ತಿಂಗಳಿಗೊಮ್ಮೆ ಬಂದು ಆ ತಿಂಗಳ ಮೊದಲ ಗುಳಿಗೆಯನ್ನು ಅಲ್ಲೇ ಆಸ್ಪತ್ರೆಯವರ ಎದುರಿಗೇ ನುಂಗಬೇಕು. ಮನೆಯವರನ್ನೆಲ್ಲ ಪರೀಕ್ಷೆ ಮಾಡಿದ್ದರು, ಯಾರಿಗೂ ಏನೂ ಇರಲಿಲ್ಲ. ಗುಳಿಗೆ ಶುರುವಾದ ಮೇಲೆ ಇವರಿಂದ ಯಾರಿಗೂ ಅಂಟುವುದಿಲ್ಲ, ಕೆಲಸ ಬಿಡಬೇಕಾಗಿಲ್ಲ ಎಂದು ಡಾಕ್ಟರು ಹೇಳಿದ್ದರು. ಕಿರುಬೆರಳಿನ ಸ್ಪರ್ಶ ಮಾತ್ರ ತಿರುಗಿ ಬರಬಹುದು, ಬರದೆಯೂ ಇರಬಹುದು.

"ಇನ್ನೊಂದು ವರ್ಷ ಬಿಟ್ಟಿದ್ರ ಬೆರಳು ಮಡಚಿಕೊಳ್ತಿತ್ತಂತ್ರಿ. ಕತ್ರಿ ಹಿಡಿಯಾಕ ಬರ್ತಿದ್ದಿಲ್ಲ."

"ಭಾಯ್ ಏನಂತಾರ?" ಎಂದು ಕೇಳಿದೆ.

"ಅವರಿಗೆ ನಿಮ್ಮ ಮ್ಯಾಲೆ ಇನ್ನೂ ಸಿಟ್ಟು ಐತಿ" ಎಂದರು. ಹಿಂದೆ ತಿರುಗಿ ನೋಡಿದರು. "ಆದ್ರ ಆ ಫಿಲಂ ತರಾಕ ಹೇಳು ಅಂದಾರ."

ಮುಂದಿನ ಭಾನುವಾರ ಬೆಳಿಗ್ಗೆ ಹೋದೆ. ಮೂರೂ ಹಾಳೆ, ದೊಡ್ಡ ಪ್ರಿಂಟ್, ಎಲ್ಲವನ್ನೂ ಒಯ್ದೆ. ಭಾಯ್ ಮೊದಲ ಹಾಳೆಯನ್ನು ಬೀದಿಯ ಬೆಳಕಿಗೆ ಹಿಡಿದು ನೋಡಿದರು. ಹಾಳೆಯಲ್ಲಿ ಎಲ್ಲವೂ ತಿರುಗುಮುರುಗು. ಅವರ ನರೆತ ಗಡ್ಡ ಕಪ್ಪಗಿತ್ತು, 'ಮಚ್ಚೆ' ಎಂದು ನಾವು ಹೇಳುತ್ತಿದ್ದ ಬಿಳಿ ಜಾಗವೂ ಕಪ್ಪಗಿತ್ತು.

"ಬಾಳ ಛಲೋ ತೆಗ್ದೀರಿ" ಎಂದರು. ವ್ಯಂಗ್ಯವಿರಲಿಲ್ಲ. "ಇದರಂಥದು ಇನ್ನೊಂದು ಎಲ್ಲೈತಿ?"

"ಮೊಬೈಲ್‌ನ್ಯಾಗ ಅದ." ಅವರ ಎದುರಿಗೇ ಅಳಿಸಿದೆ. ಅಳಿಸಿದ ಮೇಲೂ ಉಳಿಯುವ ಜಾಗವೊಂದಿರುತ್ತದಲ್ಲ, ಅಲ್ಲಿಂದಲೂ ತೆಗೆದೆ. ಅವರು ತಲೆಯಾಡಿಸಿದರು. ಬೆಸುಗೆ ಕಬ್ಬಿಣ ಕಾಯಿಸುವ ಇದ್ದಿಲ ಒಲೆ ಪಕ್ಕದಲ್ಲೇ ಉರಿಯುತ್ತಿತ್ತು. ಹಾಳೆಗಳನ್ನು ಒಂದೊಂದಾಗಿ ಕೆಂಡದ ಮೇಲೆ ಇಟ್ಟರು. ಫಿಲ್ಮು ಕಾಗದದಂತೆ ಉರಿಯಲಿಲ್ಲ. ಮುದುಡಿ, ಕುಗ್ಗಿ, ಕಪ್ಪು ಹೊಗೆ ಬಿಟ್ಟು ಕರಗಿತು. ಹೊಗೆಗೆ ಹುಳಿ ವಾಸನೆ. ಪ್ರಿಂಟ್‌ಗಳು ಮಾತ್ರ, ಅವತ್ತು ಲಕೋಟೆಯಲ್ಲಿ ಬಿಟ್ಟುಬಂದಿದ್ದವೂ ಸೇರಿ, ಚೆನ್ನಾಗಿ ಉರಿದವು. ನಾನು ಇನ್ನು ಅಂಥದೊಂದು ತೆಗೆಯುತ್ತೇನೋ ಇಲ್ಲವೋ ಗೊತ್ತಿಲ್ಲ. ಬೇಡ ಎಂದು ಬಾಯಿವರೆಗೆ ಬಂದಿತ್ತು. ಆದರೆ ಕೈ ಅವರದು.

ಎಲ್ಲ ಮುಗಿದ ಮೇಲೆ ಹೆಂಡತಿ ಚಹಾ ತಂದರು. ಯಾವತ್ತಾದರೂ ಇದನ್ನು ಬರೆಯಬಹುದೇ ಎಂದು ಆಗ ಕೇಳಿದೆ. ಇಂಥದು ಕಂಡೂ ಸುಮ್ಮನಿರುವವರು ನನ್ನಂತೆ ಬೇರೆಯವರೂ ಇರಬಹುದು ಎಂದೆ. ಭಾಯ್ ಬಹಳ ಯೋಚಿಸಿದರು.

"ಹೆಸರು ಬ್ಯಾಡ. ಕೌಲ್ ಬಜಾರ್ ಅಂತ ಬೇಕಾದ್ರ ಬರೀರಿ. ತಗಡಿನ ಕೆಲಸದೋರು ಇಲ್ಲಿ ಬಾಳ ಮಂದಿ ಅದೀವಿ." ಆಮೇಲೆ, "ಹದಿನೈದು ದಿನ ಸುಮ್ಕಿದ್ರಿ ಅನ್ನೂದನ್ನೂ ಬರೀರಿ" ಎಂದರು.

ಬರೆಯುತ್ತೇನೆ ಎಂದೆ.

ಅವರು ಅರ್ಧ ಮಾಡಿ ಇಟ್ಟಿದ್ದ ಹಿಟ್ಟಿನ ಡಬ್ಬಿಯನ್ನು ಮತ್ತೆ ತೊಡೆಯ ಮೇಲೆ ಎಳೆದುಕೊಂಡರು. ಎಡಗೈಗೆ ಹೆಂಡತಿ ಜೀನ್ಸ್ ಬಟ್ಟೆಯಲ್ಲಿ ಹೊಲಿದುಕೊಟ್ಟ ಚೀಲದಂಥ ಗವಸು ಹಾಕಿಕೊಂಡರು. ಕಬ್ಬಿಣವನ್ನು ಅಂಚಿಗುಂಟ ಒಂದು ಗೇಣು ಎಳೆದು ನಿಲ್ಲಿಸಿದರು. ಗವಸು ತೆಗೆದು, ಎಡಗೈಯನ್ನು ಬೆಳಕಿಗೆ ಹಿಡಿದು, ಕಿರುಬೆರಳನ್ನು ಈ ಬದಿ ಆ ಬದಿ ತಿರುಗಿಸಿ ನೋಡಿದರು. ಸುಟ್ಟಿರಲಿಲ್ಲ. ಗವಸು ಹಾಕಿಕೊಂಡು ಇನ್ನೊಂದು ಗೇಣು ಎಳೆದರು. ನಿಲ್ಲಿಸಿ ಮತ್ತೆ ನೋಡಿದರು.